ಎರಡು ಮೂಟೆಗೆ ಹಂಚಿದ ಸಕ್ಕರೆ

ಗುರುವಾರ ಬೆಳಿಗ್ಗೆ ಬುಸಿಯಾ ಗಡಿಯ ಕೀನ್ಯಾ ಕಡೆಯ ಠಾಣೆಗೆ ದೂರು ಕೊಡಲು ಬಂದ ನಂಬೋಜೊ ಬೆಂಚಿನ ಮೇಲೆ ಕೂರಲೂ ಒಪ್ಪಲಿಲ್ಲ. ಉಗಾಂಡದಿಂದ ಶೇಂಗಾ ತಂದು ಮಾರುವವಳು, ಗಡಿ ವ್ಯಾಪಾರಿ ಹೆಂಗಸರ ಸಂಘದ ಮುಖ್ಯಸ್ಥೆ. ಗಡಿ ಗೇಟಿನ ತಪಾಸಣೆಯಲ್ಲಿ ಅವಳ ಆರು ಮೂಟೆಗಳ ಪೈಕಿ ಎರಡರೊಳಗೆ ಹೊರಖಂಡದ ಸಕ್ಕರೆ ಸಿಕ್ಕಿತ್ತು. ನೆರೆನಾಡುಗಳಲ್ಲೇ ಬೆಳೆದ ಸರಕಿಗೆ ಸುಂಕವಿಲ್ಲ, ಸಂಘದವರೆಲ್ಲ ಒಂದೇ ಪರವಾನಗಿಯಲ್ಲಿ ದಾಟಬಹುದು. ಆದರೆ ಒಬ್ಬರ ಬಳಿ ಕಳ್ಳಮಾಲು ಸಿಕ್ಕರೂ ಪರವಾನಗಿ ಎಲ್ಲರಿಗೂ ರದ್ದು.

ಇನ್‌ಸ್ಪೆಕ್ಟರ್ ಮಕೋಖಾ ಮೊದಲು ಅವಳನ್ನೇ ಅನುಮಾನಿಸಿದ. ತನ್ನ ಚಹಾಕ್ಕೆ ಸಕ್ಕರೆ ಹಾಕಿದವರು ಯಾರೆಂದೂ ವಿಚಾರಿಸುವ ಪೈಕಿ ಅವನು.

"ಸಕ್ಕರೆ ನಿಮ್ದಲ್ವಾ?"

"ನಂದಾಗಿದ್ರೆ ನಾನೇ ಠಾಣೆಗೆ ಬರ್ತಿದ್ನಾ ಸಾಹೇಬ್ರೇ?"

"ಹಾಗೆ ಬರೋರೂ ಇದಾರೆ."

"ಹಂಗಾದ್ರೆ ನನ್ನೇ ಒಳಗೆ ಹಾಕಿ, ಪರವಾನಗಿ ಉಳಿಸಿಕೊಡಿ. ಸೋಮವಾರ ಅದು ರದ್ದಾದ್ರೆ ನಮ್ಮ ಹೆಂಗಸ್ರೆಲ್ಲ ಮತ್ತೆ ಇಲಿದಾರಿ ಹಿಡೀಬೇಕು."

ಇಲಿದಾರಿ ಎಂದರೆ ಹಳ್ಳದಂಚಿನ ಕಳ್ಳದಾರಿ. ಪರವಾನಗಿಯವರಿಗೆಂದು ಗಡಿಯ ಗೇಟು ತೆರೆಯುವ ಮುನ್ನ ಎಲ್ಲರೂ ಅಲ್ಲೇ ಕತ್ತಲಲ್ಲಿ ದಾಟುತ್ತಿದ್ದರು. ನಂಬೋಜೊಳ ಎಡಗೈಯ ಎರಡು ಬೆರಳು ಮುರಿದದ್ದು ಅಲ್ಲೇ, ಸುಲಿಗೆಯವರ ದೊಣ್ಣೆಯೇಟಿಗೆ.

ಎಫ್‌ಐಆರ್ ದಾಖಲಾಯಿತು. ಕಾನ್‌ಸ್ಟೆಬಲ್ ಚೆರೊತಿಚ್ ಮೂಟೆಗಳ ಪಂಚನಾಮೆ ಮಾಡಿದಳು. ಶೇಂಗಾದ ನಡುವೆ ಅಲ್ಲಲ್ಲಿ ಒಣಮೆಣಸಿನಕಾಯಿ ಇತ್ತು.

"ಹುಳ ಹಿಡೀಬಾರ್ದು ಅಂತ ನಾನೇ ಹಾಕ್ತೀನಿ," ಎಂದಳು ನಂಬೋಜೊ.

ಎರಡು ಮೂಟೆಗಳಲ್ಲೂ ಸಕ್ಕರೆ ಒಂದೇ ತೂಕವಿತ್ತು.

ಮೂಟೆಗಳು ಹಿಂದಿನ ರಾತ್ರಿ ಬಾಡಿಗೆ ಉಗ್ರಾಣದಲ್ಲಿದ್ದವು. ಬೆಳಿಗ್ಗೆ ಕೈಗಾಡಿಯವನು ಎಲ್ಲರ ಕಣ್ಣೆದುರೇ ತಂದಿದ್ದ. ರಾತ್ರಿ ಯಾರೂ ಬಂದಿಲ್ಲವೆಂದು ಕಾವಲುಗಾರ ಆಣೆ ಮಾಡಿದ. ಮಕೋಖಾ ಇಬ್ಬರನ್ನೂ ನಂಬಲಿಲ್ಲ.

"ಸಿಕ್ಕಿಸಿ ಹಾಕೋಕೆ ಒಂದು ಮೂಟೆ ಸಾಕಿತ್ತು. ಎರಡಕ್ಕೆ ಯಾಕೆ ಹಂಚಿದ?"

"ಅಷ್ಟೂ ತಲೆ ಇಲ್ಲದವನು ಸಾರ್," ಎಂದಳು ಚೆರೊತಿಚ್.

ಶುಕ್ರವಾರ ಇಬ್ಬರೂ ಬಾಡಿಗೆಗೆ ಸೈಕಲ್ಲಿನಲ್ಲಿ ಸರಕು ಸಾಗಿಸುವವರು ನಿಲ್ಲುವ ಕಡೆ ಚಹಾ ಕುಡಿಯುತ್ತಿದ್ದರು. ಒಬ್ಬ ಸೈಕಲ್ಲಿನ ಎರಡೂ ಪಕ್ಕ ಹುರುಳಿಕಾಯಿ ಬೀಜದ ಮೂಟೆ ಕಟ್ಟಿದ. ಸೈಕಲ್ ಒಂದು ಕಡೆ ವಾಲಿತು. ಅವನು ಬೈಯುತ್ತಾ ಈ ಮೂಟೆಯಿಂದ ಬೊಗಸೆ ಬೊಗಸೆ ತೆಗೆದು ಆ ಮೂಟೆಗೆ ಸುರಿದ.

ಮಕೋಖಾ ಲೋಟ ಕೆಳಗಿಟ್ಟ. "ಶೇಂಗಾಕ್ಕಿಂತ ಸಕ್ಕರೆ ಭಾರ, ಅಲ್ವೇನಮ್ಮ? ಸೈಕಲ್ ವಾಲಬಾರ್ದು ಅಂತಲೇ ಎರಡಕ್ಕೂ ಸಮ ಹಂಚಿದಾನೆ."

ಇಬ್ಬರೂ ನೇರ ಉಗ್ರಾಣಕ್ಕೆ ನಡೆದರು.

"ನಿನ್ನೆ ಕೇಳಿದ್ದು ಯಾರು ಬಂದ್ರು ಅಂತ," ಎಂದ ಮಕೋಖಾ ಕಾವಲುಗಾರನಿಗೆ. "ಈಗ ಹೇಳು, ಯಾರ ಸೈಕಲ್ ಬಂತು?"

"ಎಕಿರಪಾ ಅಣ್ಣಂದು... ಅವ್ರು ಬರೋದು ಹೋಗೋದು ಲೆಕ್ಕಕ್ಕಿಲ್ಲ ಸಾರ್. ನಮ್ಮವ್ರೇ."

ಎಕಿರಪಾ ಇಲಿದಾರಿಯ ಹಳೆಯ ಮುಂದಾಳು. ಅವನ ಸೈಕಲ್ಲಿನ ಹಿಂದೆ ಹೆಂಗಸರು ಸಾಲಾಗಿ ನಡೆಯುತ್ತಿದ್ದ ಕಾಲವೊಂದಿತ್ತು. ಪೊಲೀಸರು ಅವನ ಮನೆಗೆ ಹೋದಾಗ ಹೆಂಡತಿ ಸಾರಿಗೆ ಶೇಂಗಾ ಕುಟ್ಟುತ್ತಿದ್ದಳು.

"ಶೇಂಗಾ ಎಲ್ಲಿಂದ ಬಂತು?"

"ಕೊಂಡಿದ್ದು," ಎಂದ ಎಕಿರಪಾ, ಚಕ್ರಕ್ಕೆ ಗಾಳಿ ಹೊಡೆಯುತ್ತಾ.

ಚೆರೊತಿಚ್ ಪಕ್ಕದಲ್ಲಿದ್ದ ಶೇಂಗಾ ಬುಟ್ಟಿಗೆ ಕೈ ಹಾಕಿ ಒಣಮೆಣಸಿನಕಾಯಿ ಎತ್ತಿ ತೋರಿಸಿದಳು. "ಇದ್ರ ಸಮೇತಾನಾ?"

ಅವನು ಪಂಪನ್ನು ಗೋಡೆಗೆ ಒರಗಿಸಿ ಬೇಡಿಗೆ ಕೈ ಮುಂದೆ ಚಾಚಿದ. ಎರಡು ಮೂಟೆಗಳನ್ನು ರಾತ್ರಿ ಸೈಕಲ್ಲಿನಲ್ಲಿ ಮನೆಗೆ ತಂದು, ಒಂದಷ್ಟು ಶೇಂಗಾ ತೆಗೆದು ಸಕ್ಕರೆ ತುಂಬಿ, ಬೆಳಗಾಗುವ ಮುನ್ನ ವಾಪಸ್ ಇಟ್ಟಿದ್ದ.

ಠಾಣೆಯಲ್ಲಿ ಅವನನ್ನು ಕಂಡು ನಂಬೋಜೊ ಎದುರು ಹೋಗಿ ನಿಂತಳು. ಬೆರಳು ಮುರಿದ ಆ ರಾತ್ರಿ ಅವಳನ್ನು ಹೊತ್ತು ಹಳ್ಳ ದಾಟಿಸಿದವನು ಇವನೇ.

"ಯಾಕಣ್ಣಾ?"

"ಗೇಟು ತೆರೆದ ದಿನದಿಂದ ನನ್ನ ಕಡೆ ತಿರುಗಿ ನೋಡಿದ್ಯಾ? ಕೈಗಾಡಿಯವನಿಗೆ ಬಾಡಿಗೆ ಕೊಟ್ಟೆ. ನನ್ನ ಸೈಕಲ್ ಕಣ್ಣಿಗೆ ಬೀಳ್ಲಿಲ್ಲ."

"ಅಷ್ಟು ದೊಡ್ಡ ಉಪಕಾರ ಮಾಡಿದವನ್ನ ಹಗಲಲ್ಲಿ ಕೂಲಿಗೆ ಕರೆಯೋದು ಹೆಂಗೆ ಅಂತ ನಾಚಿಕೆ ಆಯ್ತು. ನೀನೇ ಕೇಳ್ಬೋದಿತ್ತಲ್ಲ."

"ನಾನು ಕೇಳೋದಾ?" ಎಂದ ಎಕಿರಪಾ.

ಮಕೋಖಾನ ವರದಿ ಶನಿವಾರ ಸುಂಕದ ಕಚೇರಿಗೆ ತಲುಪಿತು, ಪರವಾನಗಿ ಉಳಿಯಿತು. ಸೋಮವಾರ ಹೆಂಗಸರೆಲ್ಲ ಗೇಟಿನಲ್ಲೇ ದಾಟಿದರು. ನಂಬೋಜೊ ಮಾತ್ರ ತಡವಾಗಿ ಬಂದಳು. ಎಕಿರಪಾ ಲಾಕಪ್ಪಿನಲ್ಲಿದ್ದರೂ, ಸರಕು ಸಾಗಿಸಲು ಅವನ ಸೈಕಲ್ ಬಾಡಿಗೆಗೆ ಬೇಕೆಂದು ಕೇಳಲು ಅವನ ಮನೆಗೆ ಹೋಗಿದ್ದಳಂತೆ. ಅವನ ಹೆಂಡತಿ ಬಾಗಿಲು ತೆಗೆಯಲಿಲ್ಲ.