ಬಲಭುಜದ ಸೆರಗು

ಧನಂಜಯ್ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಅಲ್ಲಾಡಿಸಿದರು. ಕನ್ನಡಕದ ಡಬ್ಬಿ ಬಿತ್ತು. ಬಟ್ಟೆಯಲ್ಲಿ ಸುತ್ತಿದ್ದ ಬ್ರಷ್‌ಗಳು ಬಿದ್ದವು. ಥೇಪ್ಲಾ ರೊಟ್ಟಿ ತುಂಬಿದ್ದ ಸ್ಟೀಲ್ ಡಬ್ಬಿಯೊಂದು ಉರುಳುತ್ತಾ ಹೋಗಿ ಅಂಚಿನಲ್ಲಿ ನಿಂತಿತು. ಚಿತ್ರ ಮಾತ್ರ ಬೀಳಲಿಲ್ಲ.

"ಹಪಾನಾ," ಎಂದರು ಹಂಸಾಬೆನ್. ಸ್ವಾಹಿಲಿಯಲ್ಲಿ 'ಇಲ್ಲ' ಎನ್ನಲು ಅಷ್ಟು ಸಾಕು. ಕೀನ್ಯಾದ ಕಿಸುಮುವಿನಲ್ಲಿ ಹುಟ್ಟಿ ಬೆಳೆದ ಆ ಮುದುಕಿಗೆ ಸಿಟ್ಟು ಬಂದಾಗ ಮನೆಮಾತಾದ ಗುಜರಾತಿ ಕೂಡ ಹತ್ತಿರ ಸುಳಿಯುತ್ತಿರಲಿಲ್ಲ. "ನಾನು ತಗೊಂಡಿಲ್ಲ. ನಾನು ಯಾಕೆ ತಗೊಳ್ಳಲಿ?"

"ಮನೇಲಿಟ್ಟು ಬಂದಿರ್ತೀರ," ಎಂದರು ಧನಂಜಯ್. "ಫೋಟೋ ಇದೆ ನಮ್ಮ ಹತ್ರ. ಸೀನು, ತೋರ್ಸಪ್ಪಾ ಇವರಿಗೆ."

ನಾನು ಟ್ಯಾಬ್ಲೆಟ್ ಹಿಡಿದು ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಒಂದು ಧ್ವನಿ ಬಂತು.

"ಮೊದಲು ಆ ಚೀಲ ತುಂಬಿಸಿ ಕೊಡಿ ಧನಂಜಯ್. ಹೆಂಗಸರ ಚೀಲ ಬೋರಲು ಹಾಕಲಿಕ್ಕೆ ಸೆಕ್ರೆಟರಿಗೆ ಯಾವಾಗ ಪರ್ಮಿಶನ್ ಸಿಕ್ಕಿದ್ದು?"

ಅಪೊಲೊನಿಯಾ ಬಾಯಿ ಬಂದಿದ್ದರು. ನನಗೆ ಉಸಿರು ಬಂತು.

ಹೈರಿಡ್ಜ್‌ನ ನಮ್ಮ ಸಂಘದ ಸಭಾಂಗಣದ ಮೇಲಿನ ಮಹಡಿಯಲ್ಲೇ ಅವರ ಮನೆ. ಮಂಗಳೂರಿನಿಂದ ಹರೆಯದಲ್ಲೇ ನೈರೋಬಿಗೆ ಬಂದವರು. ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುತ್ತಾ ನಿವೃತ್ತರಾದವರು. ಈಗ ಶನಿವಾರ ಬೆಳಿಗ್ಗೆ ದೊಡ್ಡವರಿಗೆ ಜಲವರ್ಣ ಕಲಿಸುತ್ತಿದ್ದರು. ಮಧ್ಯಾಹ್ನ ಅದೇ ವಿದ್ಯಾರ್ಥಿಗಳಿಗೆ ನಾನು ಫೋನು, ಟ್ಯಾಬ್ಲೆಟ್ ಬಳಸುವುದನ್ನು ಕಲಿಸುತ್ತಿದ್ದೆ. ಉಳಿದ ದಿನ ನಾನು ಒಂದು ಸಂಸ್ಥೆಯ ಕಚೇರಿಯಲ್ಲಿ ನೀರಿನ ಯೋಜನೆಗಳ ವರದಿ ಬರೆಯುವವನು. ಕಳೆದುಹೋದ ಪಾಸ್‌ಪೋರ್ಟ್, ಓಡಿಹೋದ ನಾಯಿ, ಕಾರಣ ಹೇಳದೆ ಮುರಿದುಬಿದ್ದ ಮದುವೆ ಮಾತುಕತೆ, ಯಾವುದಿದ್ದರೂ ಹೈರಿಡ್ಜ್‌ನ ಜನ ಮೊದಲು ಬಾಯಿಯ ಮೆಟ್ಟಿಲು ಹತ್ತುತ್ತಿದ್ದರು. ಅಂಥ ಹೊತ್ತಿನಲ್ಲಿ ಅವರ ಛತ್ರಿ ಹಿಡಿದು ಹಿಂದೆ ಹೋಗುವುದು ನನ್ನ ಪಾಲಿಗೆ ಬಂದ ಭಾಗ್ಯ.

"ಎಂತ ಆಯ್ತು, ಮೊದಲಿನಿಂದ ಹೇಳು," ಎಂದರು ನನಗೆ.

ಹೇಳಿದೆ. ಅಂದು ನಮ್ಮ ತರಗತಿಯ ಮೊದಲ ಪ್ರದರ್ಶನ. ಮುಥೈಗಾ ಬಡಾವಣೆಯಿಂದ ರಾಯಭಾರಿಯೊಬ್ಬರ ಪತ್ನಿ ಮಧ್ಯಾಹ್ನ ಬರುವವರಿದ್ದರು. ಎಲ್ಲಕ್ಕಿಂತ ಚೆನ್ನಾದ ಚಿತ್ರವನ್ನು ಅವರಿಗೆ ಉಡುಗೊರೆಯಾಗಿ ಕೊಡುವುದೆಂದು ಸಮಿತಿ ತೀರ್ಮಾನಿಸಿತ್ತು. ಹಾಗೆ ಆಯ್ಕೆಯಾದದ್ದು ಧನಂಜಯ್ ಅವರ ತಾಯಿ ಕಮಲಮ್ಮನವರು ಬರೆದ ಚಿತ್ರ: ಒಲೆಯ ಮೇಲೆ ಕೂಗುತ್ತಿರುವ ಕುಕ್ಕರ್, ಅದರ ಹಬೆಯಲ್ಲಿ ಅರ್ಧ ಮಸುಕಾದ ಕಿಟಕಿ. ಶುಕ್ರವಾರ ಸಂಜೆ ಬೆಳಕಿರುವಾಗಲೇ ಚಿತ್ರಗಳನ್ನೆಲ್ಲ ಬೋರ್ಡಿಗೆ ಪಿನ್ನು ಮಾಡಿ ಹೋಗಿದ್ದೆವು. ಬೆಳಿಗ್ಗೆ ಬಂದು ನೋಡಿದರೆ ಕುಕ್ಕರ್ ಇದ್ದ ಜಾಗ ಖಾಲಿ.

"ಫೋಟೋ?"

"ಟ್ಯಾಬ್ಲೆಟ್‌ನಲ್ಲಿ ಸಿಕ್ತು, ಬಾಯಿ. ನಾವೆಲ್ಲ ಹೋದ ಮೇಲೆ ಯಾರೋ ತೆಗೆದಿದ್ದು."

ಟ್ಯಾಬ್ಲೆಟ್ ತರಗತಿಯದು, ಅಲ್ಲೇ ಕಪಾಟಿನಲ್ಲಿ ಇರುತ್ತದೆ. ಫೋಟೋದಲ್ಲಿ ಮುಖ ಇರಲಿಲ್ಲ. ಗಲ್ಲದ ಕೆಳಗಿನಿಂದ ಒಂದು ಭುಜದ ತುಂಡು, ಅದರ ಮೇಲೆ ಮಾಸಲು ಬಣ್ಣದ ಹತ್ತಿ ಸೀರೆಯ ಸೆರಗು. ನೋಡಿದರೆ ಅದು ಆಕೆಯ ಬಲಭುಜ. ಹಿಂದೆ ಕುಕ್ಕರಿನ ಚಿತ್ರ ಇಡಿಯಾಗಿ ಕಾಣುತ್ತಿತ್ತು, ಬಲಮೂಲೆಯ ಕೆಂಪು ಚುಕ್ಕೆಯ ಸಮೇತ. ಪಕ್ಕದ ಕಿಟಕಿಯ ಕಪ್ಪು ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತಿತ್ತು.

"ಇನ್ನೇನು ಬೇಕು?" ಎಂದರು ಧನಂಜಯ್. "ಕ್ಲಾಸಲ್ಲಿ ಸೀರೆ ಉಡೋರು ಮೂರೇ ಜನ. ನಮ್ಮಮ್ಮ, ಸ್ಪ್ರಿಂಗ್ ವ್ಯಾಲಿಯಿಂದ ಬರೋ ಜಾಹ್ನವಿ, ಇವರು. ಬಲಭುಜದ ಮೇಲೆ ಸೆರಗು ಹಾಕೋರು ಇವರೊಬ್ರೇ. ಗುಜರಾತಿ ಸ್ಟೈಲು. ನಿನ್ನೆ ಎಲ್ಲರೂ ಹೊರಟ್ರೂ ಬ್ರಷ್ ತೊಳೀತೀನಿ ಅಂತ ಉಳಿದಿದ್ದೂ ಇವರೇ. ನಾನು ನೋಡ್ದೇ ಬೀಗ ಹಾಕಿದೀನಿ. ಆಮೇಲೆ ಅಡುಗೆಮನೆ ಬಾಗಿಲಿಂದ ಹೋಗಿರ್ತಾರೆ."

"ನನ್ನ ಹತ್ತಿರ ಇಂಥ ಸೀರೆನೇ ಇಲ್ಲ," ಎಂದರು ಹಂಸಾಬೆನ್.

"ಯಾರ ಬೀರುನಲ್ಲಿ ಏನಿದೆ ಅಂತ ಯಾರಿಗೆ ಗೊತ್ತು? ಗೆಸ್ಟ್ ಬರೋದರೊಳಗೆ ಚಿತ್ರ ಬರ್ಬೇಕು. ಇಲ್ದಿದ್ರೆ ಸಾರಿ, ಮುಂದಿನ ವಾರದಿಂದ ನೀವು ಬರೋದು ಬೇಡ. ನಿಮ್ಮ ಮಗನಿಗೂ ಫೋನ್ ಮಾಡ್ಬೇಕಾಗತ್ತೆ."

ಹಂಸಾಬೆನ್ ಕುರ್ಚಿಯಲ್ಲಿ ಕುಳಿತುಬಿಟ್ಟರು. "ಮಗನಿಗೆ ಬೇಡ," ಎಂದರು ಮೆಲ್ಲಗೆ. "ಈ ವಯಸ್ಸಿನಲ್ಲಿ ಬಣ್ಣ ಯಾಕೆ, ಮನೆಯಲ್ಲಿ ಕೂತು ಟಿವಿ ನೋಡಿ ಅಂತ ಮನೆಯವರೆಲ್ಲ ಅಂದಿದ್ದರು. ಹಟ ಮಾಡಿ ಬಂದೆ. ಈ ಮಾತು ಮನೆಗೆ ಹೋದರೆ ನಾನು ಮತ್ತೆ ಹೊರಗೆ ಬರೋದಿಲ್ಲ."

ಬಾಯಿ ಅವರ ಚೀಲಕ್ಕೆ ಬ್ರಷ್‌ಗಳನ್ನು ಒಂದೊಂದಾಗಿ ತುಂಬಿದರು, ಥೇಪ್ಲಾ ಡಬ್ಬಿಯ ಮುಚ್ಚಳ ಒತ್ತಿ ಭದ್ರ ಮಾಡಿದರು. "ನೀವು ನಿಮ್ಮ ಚಿತ್ರದ ಹತ್ತಿರ ಕೂತುಕೊಳ್ಳಿ ಬೆನ್. ಯಾರೂ ಫೋನ್ ಮಾಡುವುದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಬಾ ಮಾರಾಯ," ಎಂದರು.

ಮೊದಲು ಬೋರ್ಡು. ಖಾಲಿ ಜಾಗದ ಕೆಳಗೆ ನಾಲ್ಕು ಪಿನ್ನುಗಳನ್ನು ಯಾರೋ ಸಾಲಾಗಿ ಚುಚ್ಚಿಟ್ಟಿದ್ದರು. "ಕಳ್ಳ ಪಿನ್ನು ಎಲ್ಲಿ ಬಿಸಾಡ್ತಾನೆ?" ಎಂದು ಕೇಳಿದರು.

"ನೆಲಕ್ಕೆ."

"ಬರಿಗಾಲಿನಲ್ಲಿ ಬರುವವರು ಉಂಟಲ್ಲ ಇಲ್ಲಿ ಅಂತ ಯೋಚನೆ ಮಾಡುವ ಕಳ್ಳ. ಒಳ್ಳೆಯ ಜನ."

ಆಮೇಲೆ ಅಡುಗೆಮನೆ. ಹಿಂಬಾಗಿಲಿಗೆ ಒಳಗಿನಿಂದ ದಪ್ಪ ಚಿಲಕ ಹಾಕಿತ್ತು. ಬಾಯಿ ಅದನ್ನು ಎತ್ತಲು ನೋಡಿದರು, ಆಗಲಿಲ್ಲ; ನಾನು ಎರಡು ಕೈ ಹಾಕಿ ಎಳೆದೆ. ಬೆಳಿಗ್ಗೆಯಿಂದ ಯಾರೂ ಅದನ್ನು ಮುಟ್ಟಿಲ್ಲವೆಂದು ನನಗೆ ಗೊತ್ತಿತ್ತು, ಧನಂಜಯ್ ಬೀಗ ತೆಗೆದ ಮೇಲೆ ಮೊದಲು ಒಳಗೆ ಬಂದವನು ನಾನೇ.

"ಫೋಟೋ ಇನ್ನೊಮ್ಮೆ," ಎಂದರು. ಬಹಳ ಹೊತ್ತು ನೋಡಿದರು. "ಹೋದ ವಾರ ನೀನು ಎಂತ ಕಲಿಸಿದ್ದು?"

"ಸೆಲ್ಫಿ. ಇಷ್ಟವಾದ ವಸ್ತುವಿನ ಜೊತೆ ಒಂದು ಸೆಲ್ಫಿ ತೆಗೀರಿ ಅಂದೆ. ಅರ್ಧ ಜನಕ್ಕೆ ತಲೆನೇ ಬಂದಿರ್ಲಿಲ್ಲ. ಕಮಲಮ್ಮ ಅಂತೂ ಫೋಟೋ ನೋಡಿ, ಮೂಗುಬೊಟ್ಟು ಈ ಕಡೆಯಿಂದ ಆ ಕಡೆ ಹೋಯ್ತಲ್ಲಪ್ಪಾ ಅಂತ ಗಾಬರಿ ಆದ್ರು. ಕನ್ನಡಿಯಲ್ಲಿ ಕಂಡ ಹಾಗೇ ಇರಲಿ ಅಂತ ಟ್ಯಾಬ್ಲೆಟ್ ಸೆಟ್ಟಿಂಗ್ ಬದಲಾಯಿಸಿಕೊಟ್ಟೆ."

ಬಾಯಿ ನನ್ನ ಕೆನ್ನೆ ತಟ್ಟಿದರು. ಯಾಕೆಂದು ನನಗೆ ಆಗ ತಿಳಿಯಲಿಲ್ಲ.

"ಕಮಲಮ್ಮ ಎಲ್ಲಿ? ಚಿತ್ರ ಅವರದ್ದಲ್ಲವಾ?"

"ಮಂಡಿ ನೋವಂತೆ, ಬರಲ್ಲ ಅಂದ್ರಂತೆ. ಚಿತ್ರ ಹೋಗಿರೋ ವಿಷಯ ಧನಂಜಯ್ ಹೇಳಿಲ್ಲ. ಬೇಜಾರು ಮಾಡ್ಕೋತಾರೆ ಅಂತ."

"ಹೋಗಿ ಕರಕೊಂಡು ಬಾ. ಹಂಸಾಬೆನ್ ಹೆಸರು ಕೆಟ್ಟಿದೆ, ನೀವು ಬಂದರೆ ಸರಿಯಾಗ್ತದೆ ಅಂತ ಹೇಳು. ಅಷ್ಟೇ ಹೇಳು."

ಧನಂಜಯ್ ಮನೆ ಪಕ್ಕದ ಕಾಂಪೌಂಡಿನಲ್ಲೇ. ಅಷ್ಟೇ ಹೇಳಿದೆ. ಕಮಲಮ್ಮ ಒಳಗೆ ಹೋಗಿ, ದೊಡ್ಡ ಬಟ್ಟೆ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಮಂಡಿ ನೋವಿನವರ ಹಿಂದೆ ನಾನು ಓಡಬೇಕಾಯಿತು.

ನಾವು ಬರುವ ಹೊತ್ತಿಗೆ ವಿದ್ಯಾರ್ಥಿಗಳೆಲ್ಲ ಸೇರಿದ್ದರು. ಬಾಯಿ ಎಲ್ಲರನ್ನೂ ಬೋರ್ಡಿನ ಮುಂದೆ ಕೂರಿಸಿದರು.

"ಧನಂಜಯ್, ಇಲ್ಲಿ ಬನ್ನಿ. ಬೆನ್ ಅವರ ಚಿತ್ರದ ಮುಂದೆ ನಿಂತು ಟ್ಯಾಬ್ಲೆಟ್‌ನಲ್ಲಿ ಒಂದು ಸೆಲ್ಫಿ ತೆಗೆಯಿರಿ."

"ಬಾಯಿ, ಗೆಸ್ಟ್ ಬರೋ ಟೈಮು..."

"ಅದಕ್ಕೇ ಬೇಗ ತೆಗೆಯಿರಿ."

ತೆಗೆದರು. ಬಾಯಿ ಅದನ್ನು ಎಲ್ಲರಿಗೂ ತೋರಿಸಿದರು. "ನಿಮ್ಮ ಶರ್ಟಿನ ಜೇಬು ಯಾವ ಕಡೆ ಉಂಟು?"

"ಎಡಗಡೆ."

"ಫೋಟೋದಲ್ಲಿ?"

ಧನಂಜಯ್ ಎದೆ ಮುಟ್ಟಿ ನೋಡಿಕೊಂಡರು. ಪೆನ್ನು ಸಿಕ್ಕಿಸಿದ್ದ ಜೇಬು ಫೋಟೋದಲ್ಲಿ ಅವರ ಬಲ ಎದೆಯ ಮೇಲೆ ಬಂದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಎಕ್ಸ್-ರೇ ಫಿಲ್ಮನ್ನು ತಿರುಗಿಸಿ ಹಿಡಿದರೆ ಎಡಗಾಲು ಬಲಗಾಲಾಗ್ತದೆ," ಎಂದರು ಬಾಯಿ. "ಡಾಕ್ಟರು ಒಳ್ಳೆಯ ಕಾಲು ಕೊಯ್ದಾರು. ಅದಕ್ಕೆ ಪ್ರತಿ ಫಿಲ್ಮಿನಲ್ಲೂ ನಾವು ಒಂದು ಗುರುತು ಇಡ್ತಿದ್ದೆವು. ಆ ಅಭ್ಯಾಸ ಬಿಟ್ಟು ಹೋಗಲಿಲ್ಲ. ನಿಮ್ಮಲ್ಲಿ ಯಾರೇ ಚಿತ್ರ ಶುರು ಮಾಡಿದರೂ ಮೊದಲು ಎಂತ ಮಾಡ್ಬೇಕು?"

"ಕೆಳಗೆ ಎಡಮೂಲೆಯಲ್ಲಿ ಕೆಂಪು ಚುಕ್ಕೆ," ಎಂದರು ಜಾಹ್ನವಿ. "ಬಾಯಿ ಕುಂಕುಮ."

ತರಗತಿಯಲ್ಲಿ ಅದಕ್ಕಿದ್ದ ಹೆಸರೇ ಅದು. ಬೋರ್ಡಿನ ಮೇಲಿದ್ದ ಒಂದೊಂದು ಚಿತ್ರದ ಎಡಮೂಲೆಯಲ್ಲೂ ಆ ಚುಕ್ಕೆ ಇತ್ತು.

"ಈಗ ಕಳ್ಳರ ಫೋಟೋ ನೋಡಿ. ಚುಕ್ಕೆ ಬಲಮೂಲೆಯಲ್ಲಿ ಉಂಟು. ಅಂದರೆ ಇದು ಕನ್ನಡಿಯ ಹಾಗೆ ತಿರುಗಿದ ಸೆಲ್ಫಿ. ಚುಕ್ಕೆ ತಿರುಗಿದರೆ ಭುಜವೂ ತಿರುಗ್ಬೇಕು. ಈ ಸೆರಗು ಇರುವುದು ಎಡಭುಜದ ಮೇಲೆ. ಇನ್ನೊಂದು, ಬೆನ್ ಅವರ ಸೆರಗು ಹಿಂದಿನಿಂದ ಬಂದು ತುದಿ ಎದೆಯ ಮೇಲೆ ಹರಡ್ತದೆ. ಇಲ್ಲಿ ಸೆರಗು ಹಿಂದಕ್ಕೆ ಹೋಗಿದೆ. ಇದು ಹಂಸಾಬೆನ್ ಅಲ್ಲ."

ಹಂಸಾಬೆನ್ ತಲೆ ಎತ್ತಿದರು.

"ಹಾಗಾದ್ರೆ ಜಾಹ್ನವಿ..." ಎಂದು ಧನಂಜಯ್ ಶುರು ಮಾಡಿದರು.

"ಹಲೋ," ಎಂದರು ಜಾಹ್ನವಿ. "ಈಗ ನನ್ನ ಚೀಲ ಬೋರಲು ಹಾಕ್ತೀರಾ?"

"ತಡೆಯಿರಿ," ಎಂದರು ಬಾಯಿ. "ಕಿಟಕಿ ಕಪ್ಪಗೆ ಉಂಟು, ಒಳಗೆ ಲೈಟ್ ಹಾಕಿದೆ. ಫೋಟೋ ತೆಗೆದದ್ದು ಕತ್ತಲೆಯಾದ ಮೇಲೆ. ನೀವು ಬೀಗ ಹಾಕಿದ್ದು ಬೆಳಕಿರುವಾಗ. ಒಳಗೇ ಯಾರಾದರೂ ಉಳಿದಿದ್ದರೆ ಹೊರಗೆ ಹೋಗಲಿಕ್ಕೆ ಅಡುಗೆಮನೆಯ ಚಿಲಕ ತೆಗೆಯಬೇಕು. ಹೋದ ಮೇಲೆ ಅದನ್ನು ಒಳಗಿನಿಂದ ಹಾಕುವವರು ಯಾರು? ಅದು ಹಾಕಿಯೇ ಇತ್ತು. ಹಾಗಾಗಿ ಬಂದವರು ಮುಂದಿನ ಬಾಗಿಲಿನಿಂದ ಬಂದರು, ಬೀಗದ ಕೈ ತಂದರು. ಬೀಗದ ಕೈ ಎಲ್ಲಿ ಇರ್ತದೆ ಧನಂಜಯ್?"

"ನಮ್ಮನೇಲಿ. ಫ್ರಿಜ್ ಪಕ್ಕ ಮೊಳೆಗೆ..." ಅವರು ನಿಧಾನವಾಗಿ ತಿರುಗಿ ತಾಯಿಯ ಕಡೆ ನೋಡಿದರು.

"ಅಮ್ಮನ ಸೀರೆ ಮಗನಿಗೆ ಗೊತ್ತಾಗಲಿಲ್ಲ," ಎಂದರು ಬಾಯಿ, ಮೆತ್ತಗೆ. "ದಿನಾ ನೋಡುವುದಲ್ಲವಾ, ಅದಕ್ಕೇ ಕಾಣುವುದಿಲ್ಲ."

ಕಮಲಮ್ಮ ಎದ್ದು ನಿಂತರು. ಚೀಲದಿಂದ ಎರಡು ರಟ್ಟುಗಳ ನಡುವೆ ಇಟ್ಟಿದ್ದ ಚಿತ್ರ ತೆಗೆದು ಮೇಜಿನ ಮೇಲಿಟ್ಟರು. ನೇರ ಹಂಸಾಬೆನ್ ಬಳಿ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ಮೇಲೆ ಬರತ್ತೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಬೆಳಿಗ್ಗೇನೇ ತಂದು ಕೊಟ್ಟುಬಿಡ್ತಿದ್ದೆ."

"ಅಮ್ಮಾ, ನಿನ್ನ ಚಿತ್ರ ನೀನೇ ಯಾಕೆ..." ಎಂದರು ಧನಂಜಯ್.

"ಕೊಡಕ್ಕೆ ಇಷ್ಟ ಇಲ್ಲ ಅಂತ ಎರಡು ಸಲ ಹೇಳಿದೆ ನಿಂಗೆ. ನೀನು 'ಅದು ಗೌರವ, ಅಮ್ಮಾ' ಅಂದೆ. ಸರಿ, ಹೋಗೋದರೊಳಗೆ ಅದರ ಜೊತೆ ಒಂದು ಫೋಟೋನಾದ್ರೂ ತಕ್ಕೊಳ್ಳೋಣ ಅಂತ ಬಂದೆ. ನಂಗೆ ತೆಗೆಯಕ್ಕೆ ಬರೋದು ಈ ಟ್ಯಾಬ್ಲೆಟ್ಟಲ್ಲಿ ಮಾತ್ರ. ತೆಗೆದೆ. ಆಮೇಲೆ ಬಿಟ್ಟು ಹೋಗಕ್ಕೆ ಆಗ್ಲಿಲ್ಲ." ಅವರು ಚಿತ್ರದ ಅಂಚು ಸವರಿದರು. "ಈ ಊರಿಗೆ ಬಂದ ಮೇಲೆ ನಂದು ಅಂತ ಆಗಿರೋದು ಇದೊಂದೇ ಕಣೋ. ಮನೆ ನಿಂದು, ಕಿಟಕಿ ನಿಂದು. ಕುಕ್ಕರು ಸೊಸೇದು. ಬರ್ದಿದ್ದು ಮಾತ್ರ ನಾನು."

ಧನಂಜಯ್ ಕತ್ತಿನಲ್ಲಿದ್ದ ಸಮಿತಿಯ ಬ್ಯಾಡ್ಜನ್ನು ಕೈಯಲ್ಲಿ ತಿರುಗಿಸುತ್ತಾ ನಿಂತರು. ಅವರು ಕೆಟ್ಟವರಲ್ಲ, ಎಲ್ಲವನ್ನೂ ಸಮಯಕ್ಕೆ ಸರಿಯಾಗಿ ಮುಗಿಸುವ ಅಭ್ಯಾಸದವರು, ಅಷ್ಟೇ. ತಾವೇ ಚಿತ್ರ ಎತ್ತಿಕೊಂಡು ಹೋಗಿ ಹಳೆಯ ಜಾಗದಲ್ಲಿ ಪಿನ್ನು ಮಾಡಿದರು. 'ಉಡುಗೊರೆ' ಎಂದು ಬರೆದಿದ್ದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು, ಎಡಗಡೆಯ ಜೇಬಿಗೆ.

ಆಮೇಲೆ ಹಂಸಾಬೆನ್ ಎದುರು ಬಂದು ನಿಂತರು. "ತಪ್ಪಾಯ್ತು ಬೆನ್. ಎಲ್ಲರ ಎದುರಿಗೇ ಹೇಳ್ತಿದೀನಿ. ಮುಂದಿನ ವಾರ ನೀವು ಬರಲೇಬೇಕು."

"ಬರ್ತೀನಿ," ಎಂದರು ಹಂಸಾಬೆನ್. "ಈ ಕಮಲಾಬೆನ್‌ಗೆ ತಲೆ ಬರೋ ಹಾಗೆ ಫೋಟೋ ತೆಗೆಯೋದು ಕಲಿಸೋರು ಯಾರು ಮತ್ತೆ? ಕಳ್ಳತನ ಮಾಡಿದರೂ ಮುಖ ಕಾಣೋ ಹಾಗೆ ಮಾಡಬೇಕು."

ಕಮಲಮ್ಮ ನಕ್ಕರು. ತರಗತಿಯೇ ನಕ್ಕಿತು. ನಾನು ಬಾಯಿಯ ಕಡೆ ನೋಡಿದೆ. ಅವರು ಆಗಲೇ ಥೇಪ್ಲಾ ಡಬ್ಬಿಯ ಮುಚ್ಚಳ ತೆಗೆದಿದ್ದರು.

ಗೇಟಿನಲ್ಲಿ ಹಾರ್ನ್ ಆಯಿತು. ಸಣ್ಣ ಬಾವುಟ ಸಿಕ್ಕಿಸಿದ್ದ ಕಪ್ಪು ಕಾರು ನಿಧಾನವಾಗಿ ಒಳಗೆ ಬರುತ್ತಿತ್ತು. ಧನಂಜಯ್ ಖಾಲಿ ಕೈ ನೋಡಿಕೊಂಡರು, ಬೋರ್ಡು ನೋಡಿದರು. ಅವರ ಕಣ್ಣು ಹಂಸಾಬೆನ್ ಬರೆದ ಚಿತ್ರದ ಮೇಲೆ ನಿಂತಿತು. ಕಿಸುಮುವಿನಲ್ಲಿ ಅವರ ಅಪ್ಪನ ಅಂಗಡಿಗೆ ಇದ್ದ ನೀಲಿ ಬಾಗಿಲು. ಅರ್ಧ ತೆರೆದಿದೆ, ಒಳಗಿನ ಕತ್ತಲಲ್ಲಿ ತಕ್ಕಡಿಯೊಂದು ಮಿನುಗುತ್ತಿದೆ. ಇಷ್ಟು ವಾರ ನಾವ್ಯಾರೂ ಅದನ್ನು ಸರಿಯಾಗಿ ನೋಡಿರಲಿಲ್ಲ.

"ಬೆನ್," ಎಂದರು ಧನಂಜಯ್, ಈ ಸಲ ನಿಜವಾದ ಮೆಚ್ಚುಗೆಯಿಂದ. "ಎಷ್ಟು ಚೆನ್ನಾಗಿದೆ ಇದು. ನಿಮ್ಮದನ್ನೇ ಅವರಿಗೆ ಕೊಡೋಣ. ನಿಮ್ಮ ಹೆಸರು ಹೇಳಿ, ನಿಮ್ಮ ಕೈಯಿಂದಲೇ. ಮುಥೈಗಾದ ಆ ದೊಡ್ಡ ಮನೇಲಿ ತೂಗುತ್ತೆ. ನಿಮ್ಮ ಮಗನೂ ನೋಡ್ಲಿ."

ಹಂಸಾಬೆನ್ ಸೆರಗಿನ ತುದಿಯನ್ನು ಎದೆಯ ಮೇಲೆ ಸರಿಮಾಡಿಕೊಂಡರು. ಎದ್ದು ಹೋಗಿ ನೀಲಿ ಬಾಗಿಲಿನ ಮುಂದೆ ನಿಂತರು.

"ಹಪಾನಾ," ಎಂದರು.