ಹೊನ್ನಕ್ಕನ ಉಗುರು

"ಆವಮ್ಮನ ಮನೇಲಿ ನೀರೂ ಕುಡೀಬ್ಯಾಡಿ ಸಾ. ಉಗುರು ಸಂದೀಲಿ ಮದ್ದಿಟ್ಕಂಡವಳೆ."

ಡೈರಿ ಅಧ್ಯಕ್ಷ ಚನ್ನಪ್ಪ ದನಿ ತಗ್ಗಿಸಿ ಹೇಳಿದ. ಕ್ಯಾನು ಹಿಡಿದು ಸಾಲಲ್ಲಿ ನಿಂತವರು ಹೌದೆಂಬಂತೆ ತಲೆಯಾಡಿಸಿದರು. ಕೀರ್ತಿರಾಜ್ ಒಬ್ಬನೇ ಗಹಗಹಿಸಿ ನಕ್ಕ. ಅವನು ಚನ್ನರಾಯಪಟ್ಟಣದವನು, ಡಿಪ್ಲೊಮಾ ಓದಿದವನು. ಮಲ್ಲಿಪಟ್ಟಣದಿಂದ ಒಳಕ್ಕಿರುವ ಹುಲಿಗುತ್ತಿಕೊಪ್ಪಲಿನ ಡೈರಿಗೆ ಹಾಲು ಪರೀಕ್ಷೆ ಮಾಡಲು ಬಂದು ಇನ್ನೂ ತಿಂಗಳಾಗಿರಲಿಲ್ಲ.

"ಮದ್ದು ಅಂದ್ರೆ ಏನ್ ಗೌಡ್ರೇ? ಮಾತ್ರೆನೋ, ಟಾನಿಕ್ಕೋ?"

"ನಗಬ್ಯಾಡಿ. ಓತಿಕ್ಯಾತನ್ನ ತಲೆಕೆಳಗಾಗಿ ನೇತಾಕಿ, ಅದರಿಂದ ತೊಟ್ಟಿಕ್ಕಿದ್ದನ್ನ ಒಣಗ್ಸಿ ಮಾಡ್ತಾರೆ. ಉಗುರಲ್ಲಿ ಒಂದ್ ಚೂರಿದ್ರೆ ಸಾಕು. ಮಜ್ಜಿಗೇಗೆ ಬೆರ್ಳು ತಾಗಿದ್ರೆ ಮುಗೀತು. ಒಟ್ಟೇಲಿ ಕೂದ್ಲು ಸುತ್ಕಂಡು ಬೆಳೀತದೆ. ಅಮಾಸೆಗೆ ಯಾರ್ಗಾರಾ ಆಕ್ಲೇಬೇಕು, ಇಲ್ದಿದ್ರೆ ಅವಳ ಮನೇರನ್ನೇ ತಿಂತದೆ."

"ಮತ್ತೆ ಅವಳ ಎಮ್ಮೆ ಹಾಲು ಡೈರಿಗೆ ತಗೋತೀರಲ್ಲ?"

"ಅದು ಪಟ್ನದೋರು ಕುಡಿಯೋದಲ್ವಾ!"

ಸಾಲಲ್ಲಿ ಯಾರೋ ಕಿಸಕ್ಕೆಂದರು. ಕೀರ್ತಿರಾಜನಿಗೆ ರೇಗಿತು. ಅಲ್ಲಿಂದ ಎದ್ದವನೇ, ಎಲ್ಲರೂ ನೋಡನೋಡುತ್ತಿದ್ದಂತೆ ಕೇರಿಯ ಕೊನೆಯಲ್ಲಿದ್ದ ಹೊನ್ನಕ್ಕನ ಮನೆಗೆ ಹೋಗಿ ಜಗಲಿ ಮೇಲೆ ಕೂತ.

"ಒಂದ್ ಲೋಟ ಮಜ್ಜಿಗೆ ಕೊಡಕ್ಕಾ."

ಸಗಣಿ ಬಾಚುತ್ತಿದ್ದ ಮುದುಕಿ ಬೆಚ್ಚಿ ನಿಂತಳು. "ನಮ್ಮನೇಲಾ ಸಾ?" ಎಂದಳು. ಅವಳ ಕೈಯಿಂದ ಯಾರಾದರೂ ಒಂದು ಗುಟುಕು ಕುಡಿದು ಅದೆಷ್ಟು ಕಾಲವಾಗಿತ್ತೋ. ಕೈ ತೊಳೆದು ಒಳಗೆ ಓಡಿದಳು. ಕತ್ತಲ ಅಡುಗೆಮನೆಯಿಂದ ಹೊಗೆ, ಗಂಜಲ, ಹಸಿಶುಂಠಿ ಎಲ್ಲ ಬೆರೆತ ವಾಸನೆ ಬಂತು. ತಂದ ಲೋಟದಲ್ಲಿ ಒಂದು ಹುಲ್ಲುಕಡ್ಡಿ ತೇಲುತ್ತಿತ್ತು. ಹೊನ್ನಕ್ಕ ನಾಚಿಕೊಂಡು ಹೆಬ್ಬೆರಳಿನಿಂದ ಅದನ್ನು ಎತ್ತಿ ಹಾಕಿದಳು. ಆ ಬೆರಳಿನ ಉಗುರಿನ ಅಡಿ ಕಪ್ಪಗೆ ಒಂದು ಗೆರೆ.

ಕೀರ್ತಿರಾಜ್ ಡೈರಿಯ ಕಡೆ ಲೋಟ ಎತ್ತಿ ತೋರಿಸಿ ಗಟಗಟನೆ ಕುಡಿದ. ಸೊಗಸಾಗಿತ್ತು.

ಮೊದಲ ಸಲ ಅದು ಬಂದದ್ದು ಅವತ್ತು ಸಂಜೆ, ಮಗಳು ತೇಜಶ್ರೀಗೆ ಅನ್ನ ಕಲಸುವಾಗ. ಮೂರು ವರ್ಷದ ಹುಡುಗಿ ಅಪ್ಪನ ಕೈತುತ್ತಲ್ಲದೆ ಉಣ್ಣುತ್ತಿರಲಿಲ್ಲ. ತಟ್ಟೆಯಲ್ಲಿ ತನ್ನ ಬೆರಳು ನೋಡಿದ. ಹೊನ್ನಕ್ಕನ ಬೆರಳು ನೆನಪಾಯಿತು. ಸಗಣಿ ಬಾಚಿದ ಕೈ, ಕಪ್ಪಾಗದೆ ಇನ್ನೇನಾದೀತು? ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗೊತ್ತಿದ್ದರ ಹಿಂದೆಯೇ ಇನ್ನೊಂದು ದನಿ, ಚನ್ನಪ್ಪನದೇ ತಗ್ಗಿದ ದನಿ, ಕಿವಿಯ ಬುಡದಲ್ಲಿ ಉಸಿರಿತು.

ಇದ್ಬುಟ್ರೆ?

ತಲೆ ಕೊಡವಿದ. ಹೋಯಿತು. ಮಲಗುವಾಗ ಮತ್ತೆ ಬಂತು. ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಲ್ಲಿ ಒಂದು ಉದ್ದ ಕೂದಲು ಸಿಕ್ಕಿತು. ಹೆಂಡತಿಯದೇ ಇರಬೇಕು. ಅದನ್ನು ಬೆಳಕಿಗೆ ಹಿಡಿದು ನೋಡಿದ, ಇನ್ನೊಮ್ಮೆ ನೋಡಿದ. ಅವಳದಲ್ಲದೆ ಹೋದರೆ? ಒಳಗಿಂದ ಬಂದದ್ದಾದರೆ? ಮಜ್ಜಿಗೆಗೆ ನಕ್ಕವನು, ಬಚ್ಚಲಲ್ಲಿ ನಿಂತು ಕೂದಲಿಗೆ ನಡುಗಿದ.

ವಾರದೊಳಗೆ ಅವನು ಹಳ್ಳಿಮೈಸೂರು ದಾರಿಯಲ್ಲಿ ಮದ್ದು ತೆಗೆಯುವವನೊಬ್ಬನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕಿಟಕಿಯಿಲ್ಲದ ಕೋಣೆ. ಸುಟ್ಟ ಕೂದಲಿನ ನಾತ. ಗೋಡೆಯ ಮೇಲೆ ಏನೋ ಒಣಗಿ ತೂಗುತ್ತಿತ್ತು. ಹಸಿರು ರಸ ಗಂಟಲಿಗಿಳಿದದ್ದೇ ತಡ, ಕರುಳು ಕಿತ್ತು ಬಾಯಿಗೆ ಬಂದಂತಾಯಿತು. ಕಾರಿದ. ಮತ್ತೆ ಕಾರಿದ. ಆಸಾಮಿ ಅದರೊಳಗೆ ಕೈಯಾಡಿಸಿ, ಕೂದಲು ಸುತ್ತಿದ ಒಂದು ಕರೀ ಗಂಟನ್ನು ಎಲೆಯ ಮೇಲಿಟ್ಟು ತೋರಿಸಿದ. ಅಂಗೈಯಲ್ಲಿ ಬಚ್ಚಿಟ್ಟು ತಂದ ಗಂಟು ಅದು. ಹಾಲಿನಲ್ಲಿ ಒಂದು ಹನಿ ನೀರು ಬೆರೆತರೂ ಹಿಡಿಯುವ ಕೀರ್ತಿರಾಜನಿಗೆ ಆ ಹೊತ್ತಿಗೆ ಅಷ್ಟೂ ಕಾಣಲಿಲ್ಲ.

"ಪೂರ್ತಿ ಬಂತಾ?"

"ಬಂದಿರ್ಬೋದು," ಅಂದ ಆ ಖದೀಮ. "ಬೇರು ಉಳ್ಕಂಡಿದ್ರೂ ಉಳ್ಕಂಡಿರ್ಬೋದು. ಕೈಗಿಳಿದಿದ್ರೆ ಮಾತ್ರ ನನ್ನಿಂದಾಗಕಿಲ್ಲ. ಮಕ್ಳಿಗೆ ಉಣ್ಸೋ ಕೈ ಜ್ವಾಪಾನ."

ಇರಬಹುದು ಎಂಬ ಆ ಮಾತು ಮನೆಯವರೆಗೂ ಅವನ ಬೆನ್ನೇರಿ ಬಂತು.

ಆಮೇಲೆ ಶುರುವಾಯಿತು ತೊಳೆಯುವುದು. ಮೊದಲು ಸೋಪು. ಆಮೇಲೆ ಸೋಡಾಪುಡಿ. ಆಮೇಲೆ ಫಿನಾಯಿಲು. ಬೆರಳುಗಳು ಬಿಳಿಚಿ, ಬಿರಿದು, ಸಂದುಗಳಲ್ಲಿ ರಕ್ತ ಜಿನುಗಿತು. ಉಗುರು ಕತ್ತರಿಸಿದ. ಇನ್ನೂ ಒಳಕ್ಕೆ ಕತ್ತರಿಸಿದ. ಬಚ್ಚಲ ಬಾಗಿಲ ಆಚೆ ಪುಟ್ಟ ಕೈಗಳು ದಬದಬ ಬಡಿಯುತ್ತಿದ್ದವು.

"ಅಪ್ಪಾ, ತುತ್ತು."

"ಬರಬೇಡ! ದೂರ ಹೋಗು!"

ಹೆಂಡತಿ ಸ್ನೇಹಲತಾ ಅವನ ಕೈಗಳನ್ನು ಬಿಸಿಲಿಗೆ ಹಿಡಿದು ತೋರಿಸುತ್ತಿದ್ದಳು. "ಏನಿದೆ ಹೇಳಿ? ಏನೂ ಇಲ್ಲ." ಅವಳು ಇಲ್ಲ ಎಂದಾಗ ಎದೆ ಹಗುರಾಗುತ್ತಿತ್ತು. ಅವಳು ಬೆನ್ನು ತಿರುಗಿಸುವಷ್ಟರಲ್ಲಿ, ಅವಳಿಗೆ ಕಾಣದೇ ಇದ್ದರೆ? ಮತ್ತೆ ಕರೆದು ಕೇಳುತ್ತಿದ್ದ. ಮತ್ತೆ ಇಲ್ಲ ಅನ್ನಿಸಿಕೊಳ್ಳುತ್ತಿದ್ದ. ಮಗು ಉಣ್ಣದೆ ಸೊರಗಿತು. ಕೊನೆಗೊಂದು ಸಂಜೆ ಸ್ನೇಹಲತಾ ಕಣ್ಣೀರು ಒರೆಸಿಕೊಂಡು ಹೇಳಿದಳು: "ನೀವು ಇವಳನ್ನ ಮುಟ್ಟೋ ಹಾಗಾದ್ರೆ ಇರ್ತೀವಿ. ಇಲ್ಲಾಂದ್ರೆ ಭಾನುವಾರ ನಮ್ಮಮ್ಮನ ಮನೆಗೆ ಕರ್ಕೊಂಡು ಹೋಗ್ತೀನಿ."

ಮಾರನೆಯ ದಿನ ಮುಂಜಾನೆ. ಕರೆಂಟಿರಲಿಲ್ಲ. ಮಂಜು ಡೈರಿಯ ಒಳಕ್ಕೇ ನುಗ್ಗಿತ್ತು. ಮೊಬೈಲಿನ ಬೆಳಕಲ್ಲಿ ಮುಖಗಳೆಲ್ಲ ನೀಲಿಯಾಗಿ ತೇಲುತ್ತಿದ್ದವು. ಹೊನ್ನಕ್ಕನ ಸರದಿ ಬಂತು. "ನಮಸ್ಕಾರ ಸಾ" ಎಂದು ನಕ್ಕು ಹಾಲು ಸುರಿದಳು. ಬಿಸಿ ನೊರೆಯ ವಾಸನೆ ಮೂಗಿಗೆ ಬಡಿಯಿತು. ಲ್ಯಾಕ್ಟೋಮೀಟರ್ ಮೇಲೆದ್ದು ಸರಿಯಾದ ಗೆರೆಯಲ್ಲಿ ನಿಂತಿತು. ಹಾಲಿನ ಮೇಲೆ ಒಂದು ಕರೀ ಚುಕ್ಕೆ. ಹುಲ್ಲಿನ ಬೀಜ. ಬೀಜವೇ. ಇದ್ಬುಟ್ರೆ? ಇಷ್ಟೂ ಜನರ ಹಾಲಿಗೆ. ಎಲ್ಲರ ಮಕ್ಕಳಿಗೆ. ಇವನ ಕೈಯಿಂದಲೇ. ಇದ್ಬುಟ್ರೆ? ಇದ್ಬುಟ್ರೆ?

ಕಾಲಿಂದ ಕ್ಯಾನು ಒದ್ದ. ಹಾಲು ಬುಳುಬುಳು ನೆಲಕ್ಕೆ ಹರಿಯಿತು.

"ಯಾಕ್ ಸಾ? ಏನಾಯ್ತು?" ಸಾಲಲ್ಲಿದ್ದವರು ಕೇಳಿದರು.

"ಮದ್ದಿದೆ! ಅವಳ ಹಾಲಲ್ಲಿ ಮದ್ದಿದೆ! ನನಗೂ ಹಾಕಿದ್ದಾಳೆ!"

ಸಾಲು ಚದುರಿ ಹೊನ್ನಕ್ಕನ ಸುತ್ತ ಗುಂಪಾಯಿತು.

"ನಾನ್ ಬಡ್ಕಳ್ಳಲಿಲ್ವಾ?" ಚನ್ನಪ್ಪ ಅಂದ. "ಈಗ ಓದಿರೋರೇ ಏಳ್ತಾವ್ರೆ, ಕೇಳ್ರಲಾ."

ಯಾರು ಮೊದಲು ಅವಳ ಜುಟ್ಟು ಹಿಡಿದರೋ ಗೊತ್ತಾಗಲಿಲ್ಲ. ನೀರಿನ ತೊಂಬೆಯ ಕಟ್ಟೆಗೆ ಎಳೆದರು. ಕೈ ಅಮುಕಿ ಹಿಡಿದರು. ಒಬ್ಬ ಬ್ಲೇಡು ತಂದ. ಅವಳು ಕೂಗಿದಳು. "ಇಲ್ಲ ಕಣ್ರಪ್ಪೋ! ಏನೂ ಇಲ್ಲ ಕಣ್ರಪ್ಪೋ!" ಕೀರ್ತಿರಾಜ್ ಬಿಡಿಸಬಹುದಿತ್ತು. ನಾಲ್ಕು ಹೆಜ್ಜೆ ದೂರವಷ್ಟೇ. ಅವನು ಮುಂದೆ ಬಂದ. ಬಿಡಿಸಲಲ್ಲ, ನೋಡಲು. ಉಗುರಿನ ಅಡಿ ಏನಿದೆ ಎಂದು ಬಗ್ಗಿ ನೋಡಲು. ಉಗುರು ಹೋಯಿತು. ಸಗಣಿ ಇತ್ತು. ಬರೀ ಸಗಣಿ. ಆಮೇಲೆ ರಕ್ತ. ಕಣ್ಣಾರೆ ಕಂಡ. ಸಾಕಲ್ಲ? ಸಾಕಾಗಬೇಕಿತ್ತು. ಕಿವಿಯ ಬುಡದಲ್ಲಿ ಮತ್ತೆ ಬಿಸಿಯುಸಿರು ತಾಗಿತು.

ಇನ್ನೂ ಒಳಕ್ಕಿದ್ಬುಟ್ರೆ?

ಕೀರ್ತಿರಾಜ್ ಅಲ್ಲೇ ಕುಸಿದು ಕೂತ.

ಹಾಸನದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಹೊನ್ನಕ್ಕನ ಮಗ ಧರ್ಮೇಂದ್ರ ಬಂದು ದೂರು ಕೊಟ್ಟ. ಬ್ಲೇಡು ಹಿಡಿದವನು ಊರು ಬಿಟ್ಟು ಓಡಿದ. ತಾನು ಅಲ್ಲಿರಲೇ ಇಲ್ಲ ಎಂದು ಚನ್ನಪ್ಪ ಹೇಳಿಕೆ ಕೊಟ್ಟ. ನಾನೇ ಕೂಗಿದ್ದು ಎಂದು ಕೀರ್ತಿರಾಜ್ ಬರೆದುಕೊಟ್ಟ. ಸ್ನೇಹಲತಾ ತವರಿಗೆ ಹೋಗಲಿಲ್ಲ. ಗಂಡನ ರಟ್ಟೆ ಹಿಡಿದು ಹಾಸನದ ಬಸ್ಸು ಹತ್ತಿಸಿದಳು.

ಅಲ್ಲಿನ ಮನಃಶಾಸ್ತ್ರಜ್ಞೆ ಭಾನುಪ್ರಿಯಾ ಅವನ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಕೈಯಲ್ಲಿ ಏನೂ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಅವನು ಅದಕ್ಕೇ ಕಾಯುತ್ತಿದ್ದ.

"ಹಾಲು ಕೆಟ್ಟಿದೆ ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದಳು.

"ಮೂಸ್ತೀನಿ. ಲ್ಯಾಕ್ಟೋಮೀಟರ್ ಬಿಡ್ತೀನಿ."

"ಎಲ್ಲ ಸರಿ ಇದ್ದು, ಆದರೂ ಏನೋ ಬೆರೆಸಿರಬಹುದು ಅನ್ನಿಸಿದರೆ ಚೆಲ್ತೀರಾ?"

"ಅನ್ನಿಸಿದ್ದಕ್ಕೆಲ್ಲ ಚೆಲ್ತಾ ಕೂತ್ರೆ ಡೈರಿ ಬಾಗಿಲು ಹಾಕ್ಬೇಕು ಮೇಡಂ."

"ಹಾಗಾದ್ರೆ ನಿಮ್ಮ ಕೈ ವಿಷಯದಲ್ಲಿ ಯಾವ ಮೀಟರ್ ಬಿಟ್ರಿ?"

ಕೀರ್ತಿರಾಜ್ ತನ್ನ ಬಿರಿದ ಬೆರಳುಗಳನ್ನು ನೋಡಿಕೊಂಡ.

"ಊರಿಗೆಲ್ಲ ಒಂದು ಲೆಕ್ಕ, ಇದೊಂದಕ್ಕೆ ಮಾತ್ರ ಬೇರೆ ಲೆಕ್ಕ ಇಟ್ಟಿದ್ದೀರಿ. ಇದು ಗೀಳು, ಓಸಿಡಿ ಅಂತಾರೆ. ಗೀಳಿನ ಅನುಮಾನ ಕಣ್ಣು ಮೂಗಿನಿಂದ ಬರಲ್ಲ. ನಿಮ್ಮ ಕಣ್ಣು ಸಗಣಿ ಅಂದಿತ್ತು, ನಾಲಿಗೆ ಚೆನ್ನಾಗಿದೆ ಅಂದಿತ್ತು. ಯಾರೋ ಹೇಳಿದ ಕಥೆ ಅವೆರಡನ್ನೂ ದಬ್ಬಿ ಮುಂದೆ ಬಂತು. ಕಥೆಗೆ ಇರಬಹುದು ಅನ್ನೋದೊಂದೇ ಬಂಡವಾಳ. ಇದೆಯೋ ಇಲ್ಲವೋ ಅಂತ ಅದರ ಜೊತೆ ವಾದಕ್ಕೆ ಕೂತರೆ ನೀವು ಸೋತಿರಿ. ಎಲ್ಲಿಂದ ಬಂದೆ ಅಂತ ಕೇಳಿ. ಕಂಡಿದ್ದರಿಂದಲೋ, ಕಟ್ಟಿದ್ದರಿಂದಲೋ?"

ಒಂದೇ ದಿನಕ್ಕೆ ಬಿಡುವ ಪೀಡೆ ಅಲ್ಲ ಅದು. ಎಷ್ಟೋ ಸಲ ಹಾಸನದ ಬಸ್ಸು ಹತ್ತಿದ. ನಲ್ಲಿಯ ಮುಂದೆ ನಿಂತು, ತೊಳೆಯದೆ ಹಲ್ಲು ಕಚ್ಚಿ ಹಿಂದೆ ಬಂದ. ಕೆಲವು ದಿನ ಸೋತು ಮತ್ತೆ ತೊಳೆದ. ಮಳೆಗಾಲ ಕಳೆದು, ಆಲೂಗಡ್ಡೆ ಕಿತ್ತು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಮೊಸರನ್ನ ಕಲಸಿದ. ದನಿ ಬಂತು. ಕಂಡೆಯಾ ಎಂದು ತನ್ನನ್ನೇ ಕೇಳಿಕೊಂಡ. ಕಂಡಿಲ್ಲ. ಕಟ್ಟಿದ್ದು. ದನಿ ಅಲ್ಲೇ ನಿಂತಿತ್ತು, ಇವನು ಅದರತ್ತ ತಿರುಗಲಿಲ್ಲ. ತುತ್ತು ಎತ್ತಿದ. ತೇಜಶ್ರೀ ಅನ್ನದ ಜೊತೆ ಅವನ ಬೆರಳನ್ನೂ ಕಚ್ಚಿ ಕಿಲಕಿಲ ನಕ್ಕಳು. ಅಡುಗೆಮನೆಯ ಬಾಗಿಲಲ್ಲಿ ಸ್ನೇಹಲತಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಅವತ್ತು ಸಂಜೆಯೇ ಹೊನ್ನಕ್ಕನ ಕಾಲಿಗೆ ಬೀಳಬೇಕೆಂದು ಹೊರಟ.

ಕೇರಿಯ ತುದಿ ತಲುಪುವ ಮೊದಲೇ ಎಮ್ಮೆಯ ಕೂಗು ಕೇಳಿಸಿತು. ಹಸಿವಿನ ಕೂಗಲ್ಲ. ಎಳೆದೆಳೆದು ನರಳುವ ಕೂಗು. ಕೊಟ್ಟಿಗೆಯಲ್ಲಿ ಹುಳಿ ಹಾಲಿನ ಗಬ್ಬು. ಹೊಸದಾಗಿ ಈದಿದ್ದ ಎಮ್ಮೆಯ ಕೆಚ್ಚಲು ಬಿಗಿದು, ಬಾತು, ಹಾಲು ತನ್ನಷ್ಟಕ್ಕೇ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕರು ದೂರದ ಗೂಟದಲ್ಲಿತ್ತು.

ಹೊನ್ನಕ್ಕ ಬಾಗಿಲ ಒಳಗೆ, ಕತ್ತಲಲ್ಲಿ ನಿಂತಿದ್ದಳು. ಎರಡೂ ಕೈಗೆ ಹಳೇ ಸೀರೆಯ ತುಂಡು ಸುತ್ತಿಕೊಂಡಿದ್ದಳು. ಗಾಯ ಯಾವತ್ತೋ ಮಾಗಿರಬೇಕಿತ್ತು.

"ಹತ್ರ ಬರ್ಬ್ಯಾಡಿ ಸಾ."

"ಹಾಲು ಯಾಕೆ ಕರೆದಿಲ್ಲಕ್ಕಾ? ಎಮ್ಮೆ ಸಾಯುತ್ತೆ."

"ಎಂಗ್ ಮುಟ್ಲಿ?" ಅವಳ ದನಿ ಪಿಸುಗುಟ್ಟಿತು. "ಮಗನ ಮನೆಗೂ ಓಗಿಲ್ಲ. ಮೊಮ್ಮಗೀನ ಮುಟ್ಟಿಲ್ಲ. ಕೈಲಿ ಇದ್ಬುಟ್ರೆ?"

ಆ ದನಿ ಅವನಿಗೆ ಗೊತ್ತು. ತನ್ನ ಕಿವಿಯ ಬುಡ ಬಿಟ್ಟು ಎಲ್ಲಿಗೆ ಹೋಗಿ ಕೂತಿದೆ ಎಂಬುದು ಈಗ ತಿಳಿಯಿತು. ಹಾಸನದಲ್ಲಿ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಕೇಳಿದ.

"ನೀನು ಕಣ್ಣಲ್ಲಿ ಕಂಡಿದ್ದೀಯಾ ಹೊನ್ನಕ್ಕ? ಯಾವತ್ತಾದ್ರೂ ಕಂಡಿದ್ದೀಯಾ?"

"ನಂಗೆಲ್ಲಿ ಕಾಣ್ತದೆ ಸಾ, ಕಣ್ಣು ಮಂಜು. ಊರೋರು ಅಂದಾಗ ನಾನೂ ನಂಬಿರ್ನಿಲ್ಲ. ಬೋಳಿಮಕ್ಳು, ಒಟ್ಟೆಕಿಚ್ಚಿಗೆ ಅಂತಾರೆ ಅಂದ್ಕಂಡಿದ್ದೆ. ಆದ್ರೆ ನೀವು ಓದ್ದೋರು. ನನ್ ಮಜ್ಜಿಗೆ ಕುಡ್ದೋರು. ಕೊಳವೆ ಬುಟ್ಟು ಹಾಲಿನ ಗುಟ್ಟು ಕಾಣೋರು. ನೀವು ಕಾಣ್ದಲೇ ಏಳ್ತಿದ್ರಾ?"

"ಕಂಡಿರ್ಲಿಲ್ಲ! ಏನೂ ಇರ್ಲಿಲ್ಲಕ್ಕಾ! ನಾನು ಸುಳ್ಳು ಕೂಗಿದೆ!"

ಮುದುಕಿ ಮೆಲ್ಲಗೆ ತಲೆಯಾಡಿಸಿದಳು. ಅವನ ಮೇಲೆ ಕನಿಕರ ಬಂದವಳಂತೆ.

"ನನ್ ಸಮಾಧಾನಕ್ಕೆ ಅಂಗಂತಿದ್ದೀರಿ ಸಾ. ನೀವು ಒಳ್ಳೇರು."

ಕೊಟ್ಟಿಗೆಯಲ್ಲಿ ಎಮ್ಮೆ ಮತ್ತೆ ನರಳಿತು. ಹೊನ್ನಕ್ಕ ಬಾಗಿಲನ್ನು ಕೈಯಿಂದ ಮುಟ್ಟಲಿಲ್ಲ. ಮೊಣಕೈಯಿಂದ ತಳ್ಳಿ ಮುಚ್ಚಿಕೊಂಡಳು.