ಮೂರನೇ ಗಾಜಿನ ಸಾಕ್ಷಿ

"ಇಳೀರಿ ಕೆಳಗೆ. ಮೊದಲು ಇಳೀರಿ."

ಏಣಿಯ ಏಳನೇ ಮೆಟ್ಟಿಲ ಮೇಲೆ ನಿಂತಿದ್ದವಳ ಕೈಯಲ್ಲಿ ಹಸಿ ಗಾರೆಯ ಬಟ್ಟಲಿತ್ತು, ಬಾಯಲ್ಲಿ ಪೆನ್ನಿತ್ತು. ಉತ್ತರ ಕೊಡುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕತ್ತು ಹೊರಳಿಸಿ ನೋಡಿದರೆ ಏಣಿಯ ಬುಡದಲ್ಲಿ ಖಾಕಿ ಅಂಗಿಯ ಯುವಕನೊಬ್ಬ ಪೊರಕೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ.

"ಜಾಹೀರಾತು ಅಂಟಿಸೋಕೆ ಇದೇನು ನಿಮ್ಮನೆ ಕಾಂಪೌಂಡಾ? ಇಲ್ಲಿರೋದು ಸತ್ತವರ ಹೆಸರು ಕಣ್ರೀ..."

ಬಾಯಿ ತೆರೆಯಲು ಹೋದಳು. ಪೆನ್ನು ಜಾರಿ ನೇರ ಅವನ ನೆತ್ತಿಯ ಮೇಲೆ ಬಿತ್ತು.

ಇಬ್ಬರ ಪರಿಚಯ ಆದದ್ದು ಹೀಗೆ. ಇಂಥ ಶುರುವಾತಿಗೆ ಒಳ್ಳೆಯ ಕೊನೆ ಇರುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ಇಬ್ಬರೂ ಸೇರಿ ಅವರ ಮೇಲೆ ಹರಿಹಾಯುತ್ತಿದ್ದರು.

ಅದು ಊರಿನ ದೊಡ್ಡ ಉದ್ಯಾನ. ಹಿಂಬದಿಯಲ್ಲಿ, ನದಿಯ ಕಡೆಗೆ, ಒಂದು ಸ್ಮಾರಕದ ಗೋಡೆ. ಎಂಬತ್ತು ವರ್ಷಗಳ ಹಿಂದಿನ ನೆರೆಯಲ್ಲಿ ಕೊಚ್ಚಿಹೋದ ಇನ್ನೂರ ಹನ್ನೆರಡು ಜನರ ಹೆಸರುಗಳನ್ನು ಅದರಲ್ಲಿ ಕೆತ್ತಿದ್ದಾರೆ. ಗೋಡೆಯ ಪಕ್ಕದಲ್ಲೇ ಒಂದು ಭಾರಿ ಮರ. ಅದೇ ನೆರೆಯಲ್ಲಿ ಹನ್ನೊಂದು ಜನ ಆ ಮರ ಹತ್ತಿ, ಎರಡು ಹಗಲು ಎರಡು ರಾತ್ರಿ ಕೊಂಬೆ ತಬ್ಬಿ ಕೂತು ಬದುಕಿಕೊಂಡಿದ್ದರು. ಅವರಲ್ಲಿ ಒಬ್ಬಳು, ಈಗ ಇದೇ ಉದ್ಯಾನದ ಮಾಲಿಯಾಗಿರುವ ಈ ಖಾಕಿ ಅಂಗಿಯವನ ಮುತ್ತಜ್ಜಿ.

ಈಗ ಆ ಗೋಡೆಯಲ್ಲಿ ಮೇಲಿಂದ ಕೆಳಗೆ ಬಿರುಕು ಬಿಟ್ಟಿತ್ತು. ಮರದ ಬೇರೇ ಗೋಡೆಯನ್ನು ತಳ್ಳುತ್ತಿದೆ ಎಂದು ಸ್ಮಾರಕ ಇಲಾಖೆಗೆ ಅನುಮಾನ. ಬಿರುಕು ಬಿಟ್ಟ ಹಳೆಯ ಕಟ್ಟಡಗಳ ನಾಡಿ ಹಿಡಿಯುವುದೇ ಅವಳ ಕೆಲಸವಾದ್ದರಿಂದ ಅವಳನ್ನು ಕಳಿಸಿದ್ದರು.

ಏಣಿಯಿಂದಿಳಿದು ಗುರುತಿನ ಚೀಟಿ ತೋರಿಸಿದಾಗ ಅವನ ಮುಖ ಸಣ್ಣಗಾಯಿತು. ಕ್ಷಮೆ ಕೇಳುವ ಬದಲು, ಗಾಜಿನ ಪಟ್ಟಿ ಯಾಕೆ ಅಂಟಿಸುತ್ತಿದ್ದೀರಿ ಎಂದು ಕೇಳಿದ.

ಅವಳು ವಿವರಿಸಿದಳು. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಸೀಳುತ್ತದೆ. ಇಂಥ ಐದು ಗಾಜು. ಆರು ತಿಂಗಳು, ತಿಂಗಳಿಗೊಮ್ಮೆ ಬಂದು ನೋಡುತ್ತಾಳೆ. ಪ್ರತಿ ಗಾಜಿನ ಮೇಲೂ ತಾರೀಕು ಬರೆದು, ಹಸಿ ಗಾರೆಯ ಮೇಲೆ ಹೆಬ್ಬೆರಳು ಒತ್ತುತ್ತಾಳೆ. ಅದು ಕೆಲಸ ಕಲಿಸಿದ ಗುರುಗಳಿಂದ ಬಂದ ಅಭ್ಯಾಸ.

"ಗಾಜು ಒಡೆದರೆ?" ಅವನ ದನಿ ಇಳಿದಿತ್ತು.

"ಮರ ತೆಗೀಬೇಕಾಗುತ್ತೆ. ಅದರಲ್ಲಿ ಎರಡು ಮಾತಿಲ್ಲ."

ಅವನು ಮರವನ್ನೊಮ್ಮೆ ನೋಡಿದ. "ಗೋಡೆ ಹೋದವರದ್ದು ಮೇಡಂ. ಮರ ಉಳಿದವರದ್ದು. ನನ್ನ ಮಟ್ಟಿಗೆ ಎರಡೂ ಸ್ಮಾರಕಾನೇ."

*ಅಯ್ಯೋ, ಇವನು ಮರದ ಪರ ವಕಾಲತ್ತು ವಹಿಸಿಕೊಂಡು ಬಂದಿದ್ದಾನಲ್ಲ...* ಅಂದುಕೊಂಡಳು. ಅಂದಿನಿಂದ ಅವನು 'ಮರದ ವಕೀಲರು'. ಅವನೇನು ಸುಮ್ಮನಿರುವ ಆಸಾಮಿಯೇ? ಅವಳಿಗೆ 'ಗೋಡೆ ಡಾಕ್ಟರು' ಎಂದು ಹೆಸರಿಟ್ಟ.

ಎರಡನೇ ತಿಂಗಳು ಬಂದಾಗ ಗೋಡೆ ತೊಳೆದಿಟ್ಟಂತಿತ್ತು. ಹಕ್ಕಿಯ ಹಿಕ್ಕೆಯಿಲ್ಲ, ಪಾಚಿಯಿಲ್ಲ. ಮೂರನೇ ತಿಂಗಳು ಏಣಿಯ ಪಕ್ಕ ಒಂದು ಸ್ಟೂಲು, ಅದರ ಮೇಲೆ ಫ್ಲಾಸ್ಕಿನಲ್ಲಿ ಚಹಾ. ಸಕ್ಕರೆ ಎಷ್ಟು ಬೇಕೆಂದು ಅವನು ಕೇಳಿರಲಿಲ್ಲ, ಆದರೂ ಸರಿಯಾಗಿತ್ತು.

ಗೇಟಿನಲ್ಲಿ ಟಿಕೆಟ್ ಕೊಡುವವರು ಅವನ ಸೋದರತ್ತೆ. "ಇವನು ಹುಟ್ಟಿದಾಗಿನಿಂದ ಮರಗಳ ಜೊತೆ ಮಾತಾಡ್ತಾನೆ ಕಣಮ್ಮಾ. ಮನುಷ್ಯರ ಜೊತೆ ಮಾತಾಡಿದ್ದು ಈಗಲೇ ನೋಡಿದ್ದು" ಎಂದು ಅವರು ಕಿಟಕಿಯಿಂದಲೇ ಹೇಳಿದಾಗ ಅವಳ ಕಿವಿ ಬಿಸಿಯಾಯಿತು.

ಗೋಡೆ ಒರೆಸುವಾಗ ಅವನಿಗೊಂದು ಅಭ್ಯಾಸ. ಒಂದೊಂದು ಹೆಸರನ್ನೂ ಮೆಲ್ಲಗೆ ಓದಿಕೊಂಡೇ ಬಟ್ಟೆ ಆಡಿಸುತ್ತಿದ್ದ. ಯಾಕೆ ಎಂದು ಒಮ್ಮೆ ಕೇಳಿದಳು. ಯಾರೂ ಕರೆಯದೆ ಎಷ್ಟು ದಿನ ಇರ್ತಾರೆ ಪಾಪ, ಅಂದ. ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದಳು.

ಅದೇ ತಿಂಗಳು ಗೋಡೆಯ ನಡುಭಾಗದ ಮೂರನೇ ಗಾಜಿನ ಗಾರೆ ಸಡಿಲಾದಂತೆ ಕಂಡು, ಅದನ್ನು ತೆಗೆದು ಹೊಸದು ಕೂರಿಸಿದಳು. ಅವನು ಬಟ್ಟಲು ಹಿಡಿದು ನಿಂತಿದ್ದ. ತಾರೀಕು ಬರೆದು, ಏನೋ ತುಂಟತನ ಬಂದು ಕೆಳಗೆ ಪುಟ್ಟದಾಗಿ ಸೇರಿಸಿದಳು. 'ಸಾಕ್ಷಿ: ಮರದ ವಕೀಲರು.'

ಅವನು ಓದಿದ. ನಗಲಿಲ್ಲ. ತುಂಬ ಹೊತ್ತು ಅದನ್ನೇ ನೋಡುತ್ತ ನಿಂತುಬಿಟ್ಟ.

ನಾಲ್ಕನೇ ತಿಂಗಳು ಐದೂ ಗಾಜು ಸರಿಯಾಗಿದ್ದವು. ಅವಳ ಖುಷಿಗೆ ಪಾರವಿರಲಿಲ್ಲ. ಮರಕ್ಕಾಗಿ ಇಷ್ಟು ಖುಷಿಯಾ ಎಂದು ತನ್ನನ್ನೇ ಕೇಳಿಕೊಂಡಳು. ಮನಸ್ಸು ಜಾಣತನದಿಂದ ಬೇರೆ ಕಡೆ ನೋಡಿತು.

ಐದನೇ ತಿಂಗಳು...

ಮೊದಲ ಗಾಜು ಸರಿ. ಎರಡನೆಯದೂ ಸರಿ. ಮೂರನೆಯದರ ಮುಂದೆ ಅವಳ ಕೈ ನಿಂತಿತು. ಗಾಜು ಇಡಿಯಾಗಿತ್ತು. ತಾರೀಕು ಇತ್ತು. 'ಸಾಕ್ಷಿ: ಮರದ ವಕೀಲರು' ಎಂದೂ ಇತ್ತು. ಆದರೆ ಅಕ್ಷರಗಳು ಅವಳವಲ್ಲ. ಯಾರೋ ಉಸಿರು ಬಿಗಿಹಿಡಿದು ತಿದ್ದಿ ತಿದ್ದಿ ಬರೆದಂತಿತ್ತು.

ಗಾರೆಯ ಮೇಲಿನ ಹೆಬ್ಬೆರಳ ಗುರುತಿನ ಮೇಲೆ ತನ್ನ ಬೆರಳಿಟ್ಟಳು. ಆ ಗುಳಿಯಲ್ಲಿ ಅವಳ ಬೆರಳಿನಂಥ ಎರಡು ಹಿಡಿಸುತ್ತಿದ್ದವು.

ಚಹಾದ ಫ್ಲಾಸ್ಕು ಹಿಡಿದು ಬರುತ್ತಿದ್ದವನು ಅವಳ ಮುಖ ನೋಡಿ ಅಲ್ಲೇ ನಿಂತ.

"ಇದು ನಾನು ಹಾಕಿದ ಗಾಜಲ್ಲ."

ಅವನು ತಲೆ ತಗ್ಗಿಸಿದ. ಅಲ್ಲ ಎಂದ. ಗೋಡೆ ಒರೆಸುವಾಗ ಬ್ರಷ್ಷಿನ ಹಿಡಿ ತಾಗಿ ಒಡೆಯಿತು, ತನ್ನ ಶೆಡ್ಡಿನಲ್ಲಿ ಅವಳು ಬಿಟ್ಟುಹೋಗಿದ್ದ ಚೀಲದಿಂದ ಇನ್ನೊಂದು ಪಟ್ಟಿ ತೆಗೆದು ಕೂರಿಸಿದೆ, ಹೇಳಿದರೆ ಯಾರೂ ನಂಬುವುದಿಲ್ಲ ಅನ್ನಿಸಿತು ಎಂದು ತೊದಲಿದ.

"ನಂಬೋದಾದರೂ ಹೇಗೆ?" ಅವಳು ಗಾರೆಯಿಂದ ಬೆರಳು ಕಿತ್ತುಕೊಂಡಳು. "ಗಾಜು ಒಡೆದರೆ ಮರ ಹೋಗುತ್ತೆ ಅಂತ ನಾನೇ ಹೇಳಿದ್ದೆ. ಆಮೇಲೆ ಶುರುವಾಯ್ತಲ್ಲ ನಿಮ್ಮ ಸ್ಟೂಲು, ಚಹಾ, ತೊಳೆದ ಗೋಡೆ... ಎಲ್ಲಾ ಮರಕ್ಕೋಸ್ಕರ ನನಗೆ ಬೆಣ್ಣೆ ಹಚ್ಚಿದ್ದಾ?"

ಅವನು ಬಾಯಿ ತೆರೆದ. ಮರಗಳ ಜೊತೆ ಇಡೀ ದಿನ ಹರಟುವವನಿಗೆ ಬೇಕಾದ ಒಂದು ಗಳಿಗೆಯಲ್ಲಿ ನಾಲಿಗೆ ಕೈಕೊಟ್ಟಿತು.

*ಇಲ್ಲ ಅನ್ನು. ಒಂದೇ ಒಂದು ಸಲ ಇಲ್ಲ ಅಂದುಬಿಡು...*

ಅವನು ಅನ್ನಲಿಲ್ಲ. ಅವಳು ಚೀಲ ಹೆಗಲಿಗೇರಿಸಿ ನಡೆದಳು. ಗೇಟಿನಲ್ಲಿ ಅತ್ತೆ ಏನೋ ಕೇಳಿದರು, ಅವಳಿಗೆ ಕೇಳಿಸಲಿಲ್ಲ.

ಇಲಾಖೆಯ ನಿಯಮ ಸರಳವಾಗಿತ್ತು. ಒಂದು ಗಾಜಿನ ಮೇಲೆ ಬೇರೆಯವರ ಕೈಯಾಡಿದ್ದರೆ ಅದನ್ನು ಒಡೆದ ಗಾಜೆಂದೇ ಎಣಿಸಬೇಕು. ಮೂರು ದಿನ ಕಚೇರಿಯಲ್ಲಿ ವರದಿಯ ಹಾಳೆ ಮುಂದಿಟ್ಟುಕೊಂಡು ಕೂತಳು. ಗೋಡೆಯ ಉದ್ದ ಬರೆದಳು. ಬಿರುಕಿನ ಅಗಲ ಬರೆದಳು. 'ಮರವನ್ನು ತೆಗೆಯಬೇಕು' ಎಂಬ ಎರಡು ಪದಕ್ಕೆ ಮಾತ್ರ ಪೆನ್ನು ಮುಂದೆ ಹೋಗಲೇ ಇಲ್ಲ. ಮನೆಯಲ್ಲಿ ಅಮ್ಮ, ಯಾಕೇ ಮುಖ ಸಪ್ಪಗಿದೆ ಎಂದರೆ ತಲೆನೋವು ಎನ್ನುತ್ತಿದ್ದಳು. ಅಮ್ಮ ಮಾತ್ರೆ ಕೊಟ್ಟಳು. ಅದು ಮಾತ್ರೆಗೆ ಬಗ್ಗುವ ನೋವಲ್ಲ ಎಂದು ಅಮ್ಮನಿಗೂ ಗೊತ್ತಿತ್ತು ಅನ್ನಿ.

ನಾಲ್ಕನೇ ದಿನ ಬೆಳಿಗ್ಗೆ ಕಚೇರಿಯ ಬಾಗಿಲಲ್ಲಿ ಖಾಕಿ ಅಂಗಿ ಕಂಡಿತು. ಇಸ್ತ್ರಿ ಮಾಡಿದ ಖಾಕಿ ಅಂಗಿ. ಅವನು ಅವಳ ಕಡೆ ನೋಡದೆ ನೇರ ಹಿರಿಯ ಎಂಜಿನಿಯರರ ಮೇಜಿನ ಮುಂದೆ ನಿಂತ.

"ಸಾರ್, ಗಾಜು ಒಡೆದಿದ್ದು ನಾನು. ಮುಚ್ಚಿಟ್ಟಿದ್ದೂ ನಾನು. ಶಿಕ್ಷೆ ನನಗೆ ಕೊಡಿ. ಮೇಡಂ ಮೇಲೆ ಒಂದು ಮಾತೂ ಬರಬಾರದು."

ಕನ್ನಡಕವನ್ನು ಹಣೆಗೇರಿಸಿದ ಹಿರಿಯರು, ನೀನು ಹೇಳುವುದಕ್ಕೆ ಆಧಾರ ಏನಪ್ಪಾ ಎಂದರು. ಅವನು ಜೇಬಿನಿಂದ ಪೆಪ್ಪರಮಿಂಟಿನ ತಗಡಿನ ಡಬ್ಬಿಯೊಂದನ್ನು ತೆಗೆದು, ಹತ್ತಿಯ ಸಮೇತ ಮೇಜಿನ ಮೇಲೆ ಬಿಚ್ಚಿದ. ಹತ್ತಿಯೊಳಗೆ ಗಾಜಿನ ಒಂಬತ್ತು ಚೂರು.

ಅವಳು ಕೂತಲ್ಲಿಂದ ಎದ್ದುಬಂದಳು. ಬಿಳಿ ಹಾಳೆಯ ಮೇಲೆ ಚೂರುಗಳನ್ನು ಒಂದಕ್ಕೊಂದು ಜೋಡಿಸಿದಳು. ತಾರೀಕು ಕೂಡಿಕೊಂಡಿತು. 'ಸಾಕ್ಷಿ' ಕೂಡಿಕೊಂಡಿತು. ಕೊನೆಯ ಚೂರು ಕೂತಾಗ ಅವಳು ಬಗ್ಗಿ ನೋಡಿ ಉಸಿರು ಎಳೆದುಕೊಂಡಳು.

ಗೋಡೆ ಅಲುಗಿದ್ದರೆ ಗಾಜು ಬಿರುಕಿನ ಗುಂಟ ಒಂದೇ ಗೆರೆಯಾಗಿ ಸೀಳುತ್ತದೆ. ಇಲ್ಲಿ ಎಲ್ಲ ಗೆರೆಗಳೂ ಒಂದು ಮೂಲೆಯಿಂದ ಹೊರಟು ಬೀಸಣಿಗೆಯಂತೆ ಹರಡಿದ್ದವು. ಆ ಮೂಲೆಗೆ ಏನೋ ಬಡಿದಿದೆ.

"ಸಾರ್," ಅಂದಳು, "ಇದು ಪೆಟ್ಟು. ಗೋಡೆಯ ಕೆಲಸ ಅಲ್ಲ. ಬಾಕಿ ನಾಲ್ಕೂ ಗಾಜು ನನ್ನವೇ, ಒಂದೂ ಸೀಳಿಲ್ಲ. ಬಿರುಕು ಹಳೆಯದು, ಈಗ ಬೆಳೀತಾ ಇಲ್ಲ."

ಹಿರಿಯರೂ ಬಗ್ಗಿ ನೋಡಿದರು. ನೋಡಿ ಇಬ್ಬರಿಗೂ ಸರಿಯಾಗಿ ಬೈದರು. ಅವನ ಕಡತಕ್ಕೆ ಒಂದು ಎಚ್ಚರಿಕೆ ಪತ್ರ. ಇನ್ನು ಮೇಲೆ ಗೋಡೆ ಡಾಕ್ಟರು ಎದುರಿಗಿಲ್ಲದೆ ಅವನು ಆ ಗೋಡೆ ಮುಟ್ಟಕೂಡದು. ಮೂರನೇ ಗಾಜು ಹೊಸದಾಗಿ ಹಾಕಿ, ಮತ್ತೆ ಆರು ತಿಂಗಳು ನೋಡಬೇಕು. ಅಲ್ಲಿಯವರೆಗೆ ಮರದ ಒಂದು ಎಲೆಗೂ ಕೈ ಹಚ್ಚುವಂತಿಲ್ಲ.

ಹೊರಗೆ ಬಂದ ಮೇಲೆ ಮೆಟ್ಟಿಲ ಬಳಿ ಇಬ್ಬರೂ ನಿಂತರು. ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ಒಂದು ಕೇಳ್ತೀನಿ, ನಿಜ ಹೇಳಬೇಕು," ಅಂದಳು. "ಒಡೆದ ಗಾಜನ್ನ ಯಾರಾದರೂ ಗುಡಿಸಿ ಎಸೀತಾರೆ. ಅದು ನಿಮ್ಮನ್ನ ಉಳಿಸುತ್ತೆ ಅಂತ ನಿಮಗೆ ಗೊತ್ತೂ ಇರಲಿಲ್ಲ. ಯಾಕೆ ಇಟ್ಟುಕೊಂಡಿರಿ?"

"ನಿಮ್ಮ ಕೈಬರಹ ಇತ್ತಲ್ಲ."

ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ನೀವು ಕೇಳಿದಿರಿ, ಎಲ್ಲಾ ಮರಕ್ಕೋಸ್ಕರನಾ ಅಂತ," ಅವನು ನೆಲ ನೋಡುತ್ತಲೇ ಹೇಳಿದ. "ಮೊದಲ ತಿಂಗಳು ಹೌದು. ಆಮೇಲೆ ಗೋಡೆ ಒರೆಸ್ತಾ ಇದ್ದಿದ್ದು ನೀವು ಬರ್ತೀರಿ ಅಂತ. ಒಂದಿನ ಅನ್ನಿಸಿತು, ಮರ ಹೋದರೂ ಹೋಗಲಿ, ಇವರು ಬರ್ತಾ ಇದ್ದರೆ ಸಾಕು ಅಂತ. ನನ್ನ ಮುತ್ತಜ್ಜಿಯ ಜೀವ ಉಳಿಸಿದ ಮರ ಅದು... ಹಾಗನ್ನಿಸಿದ್ದಕ್ಕೆ ನನಗೇ ಭಯ ಆಯ್ತು. ಅವತ್ತು ಬಾಯಿ ಬರದೇ ಇದ್ದದ್ದು ಅದಕ್ಕೆ."

ಮೂರು ದಿನದ ತಲೆನೋವು ಅವಳ ಕಣ್ಣಿನಿಂದ ನೀರಾಗಿ ಇಳಿಯಿತು. ಅವಳು ಒರೆಸಿಕೊಳ್ಳಲೂ ಇಲ್ಲ. ಅವನು ಕಂಗಾಲಾಗಿ ಜೇಬು ತಡಕಾಡಿದ. ಸಿಕ್ಕಿದ್ದು ಗೋಡೆ ಒರೆಸುವ ಬಟ್ಟೆ. ಅವಳು ಅಳುತ್ತಲೇ ನಕ್ಕುಬಿಟ್ಟಳು.

ಅದೇ ಮಧ್ಯಾಹ್ನ ಮತ್ತೆ ಏಣಿ ನಿಂತಿತು. ಅತ್ತೆ ಟಿಕೆಟ್ ಕಿಟಕಿಗೆ 'ಹತ್ತು ನಿಮಿಷದಲ್ಲಿ ಬರುತ್ತೇನೆ' ಎಂಬ ಹಲಗೆ ನೇತುಹಾಕಿ, ದೂರದ ಬೆಂಚಿನಲ್ಲಿ ಕೂತು ಮರ ನೋಡುವವರಂತೆ ಇವರನ್ನೇ ನೋಡುತ್ತಿದ್ದರು.

ಅವಳು ಗಾಜು ಕೂರಿಸಿ ತಾರೀಕು ಬರೆದಳು. ಎಡಗಡೆಯ ಹಸಿ ಗಾರೆಯ ಮೇಲೆ ಹೆಬ್ಬೆರಳೊತ್ತಿದಳು. ಆಮೇಲೆ ಏಣಿಯಲ್ಲಿ ಒಂದು ಬದಿಗೆ ಸರಿದಳು.

"ಬಲಗಡೆ ನೀನು ಒತ್ತು."

ಆ 'ನೀನು' ಕೇಳಿದ್ದೇ ಅವನು ಕೈಯ ಬಟ್ಟಲನ್ನು ಕೆಳಗಿಟ್ಟ. ಎರಡು ಮೆಟ್ಟಿಲು ಹತ್ತಿ, ಕೈಚಾಚಿ, ಹುಷಾರಾಗಿ ಹೆಬ್ಬೆರಳೊತ್ತಿದ. ಗಾಜಿನ ಒಂದು ತುದಿಯಲ್ಲಿ ಸಣ್ಣ ಗುಳಿ, ಇನ್ನೊಂದು ತುದಿಯಲ್ಲಿ ಅದರ ಎರಡರಷ್ಟು ದೊಡ್ಡದು.

"ಆರು ತಿಂಗಳು ಗೋಡೆ ಅಲುಗದೇ ಇದ್ದರೆ?" ಅವನು ಮೆಲ್ಲಗೆ ಕೇಳಿದ.

"ಗಾಜು ತೆಗೆದುಬಿಡ್ತೀನಿ. ಮರ ಇರುತ್ತೆ."

"ಆಮೇಲೆ ಇಲ್ಲಿಗೆ ಬರೋಕೆ ನಿನಗೆ ಏನು ನೆಪ?"

ಅವಳು ಗಾರೆ ಮೆತ್ತಿದ ಬೆರಳಿಂದ ಅವನ ಮೂಗಿನ ತುದಿ ಮುಟ್ಟಿದಳು.

"ಮನೆಗೆ ಬರೋಕೆ ಯಾರಾದರೂ ನೆಪ ಹುಡುಕ್ತಾರಾ?"